ಮೂರು ಕ್ಯಾಂಪರ್ ವ್ಯಾನ್‌ಗಳಲ್ಲಿ ನಮಗೆ ಯಾವುದು?

ಪ್ರಶ್ನೆ: ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ ಬರುವ ಕ್ಯಾಂಪರ್ ವ್ಯಾನ್ (ಒಳಗೇ ಅಡುಗೆ ಮಾಡಿ, ಮಲಗಿ ಪ್ರವಾಸ ಮಾಡುವ ವ್ಯಾನ್) ಕೊಳ್ಳಬೇಕೆಂದಿದ್ದೇವೆ. ನಾವಿಬ್ಬರು, ಜೊತೆಗೆ ಏಳು ವರ್ಷದ ಮಗಳು. ನನ್ನ ಗಂಡನ ಎತ್ತರ 1.86 ಮೀಟರ್. ದಿನದ ಓಡಾಟಕ್ಕೆ ಬೇರೆ ಕಾರು ಇದೆ. ವರ್ಷಕ್ಕೊಂದು ಉದ್ದದ ರಜೆ, ನಡುನಡುವೆ ವಾರಾಂತ್ಯಗಳು. ಚಳಿಗಾಲದಲ್ಲೂ ಹೋಗುವ ಆಸೆ ಇದೆ. ಮೂರು ಸೈಕಲ್ ಒಯ್ಯಬೇಕು. ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ, ಅದೇ ಕಂಪನಿಯ ಗ್ರ್ಯಾಂಡ್ ಕ್ಯಾಲಿಫೋರ್ನಿಯಾ 600, ಮತ್ತು ಫಿಯಟ್ ಡುಕಾಟೊ ಮೇಲೆ ಕಟ್ಟಿದ ಆರು ಮೀಟರಿನ ವ್ಯಾನ್, ಈ ಮೂರರಲ್ಲಿ ಯಾವುದು ಸರಿ? ಶೋರೂಮಿನಲ್ಲಿ ಹಿಂದಿನ ವರ್ಷದ ಮಾಡೆಲ್ ಕೂಡ ತೋರಿಸಿದರು. ಅದನ್ನು ತಗೋಬಹುದಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಹೆಚ್ಚಿನವರು ಎಂಜಿನ್ ಎಷ್ಟು ಹಾರ್ಸ್ ಪವರ್, ಅಡುಗೆಮನೆ ಯಾವ ಬಣ್ಣ ಅಂತ ಶುರು ಮಾಡುತ್ತಾರೆ. ನೀವು ಎಷ್ಟು ಜನ, ಎಷ್ಟು ಎತ್ತರ, ಯಾವ ಕಾಲ, ಏನು ಸಾಮಾನು ಎಂದು ಮೊದಲೇ ಹೇಳಿದ್ದೀರಿ. ಇಷ್ಟು ಗೊತ್ತಿದ್ದರೆ ಸ್ಪಷ್ಟವಾಗಿ ಉತ್ತರ ಕೊಡಬಹುದು.

ನಾನು ಕ್ಯಾಂಪರ್ ವ್ಯಾನ್ ನೋಡುವಾಗ ಎರಡೇ ವಿಷಯಕ್ಕೆ ಜಾಸ್ತಿ ತೂಕ ಕೊಡುತ್ತೇನೆ. ಮಳೆ ಸುರಿಯುವ ರಾತ್ರಿ ಒಂಬತ್ತು ಗಂಟೆಗೆ ಒಳಗೆ ಯಾರು ಎಲ್ಲಿರುತ್ತಾರೆ ಅನ್ನುವುದು ಒಂದು. ಎಲ್ಲ ತುಂಬಿದ ಮೇಲೆ ಗಾಡಿ ಎಷ್ಟು ತೂಗುತ್ತದೆ ಅನ್ನುವುದು ಇನ್ನೊಂದು. ಇವೆರಡಕ್ಕೆ ಒಳ್ಳೆಯ ಉತ್ತರ ಸಿಕ್ಕರೆ ಉಳಿದದ್ದಕ್ಕೆ ಹೊಂದಿಕೊಳ್ಳಬಹುದು. ಇವು ಸರಿಯಿಲ್ಲದಿದ್ದರೆ ಎಷ್ಟು ಚಂದದ ವ್ಯಾನ್ ಆದರೂ ಎರಡನೇ ವರ್ಷಕ್ಕೆ ಮಾರುವ ಮಾತು ಬರುತ್ತದೆ.

ಮೊದಲು ರಾತ್ರಿಯ ವಿಷಯ ನೋಡೋಣ.

ಕ್ಯಾಲಿಫೋರ್ನಿಯಾ ಬಹಳ ಜಾಣತನದಿಂದ ಮಾಡಿದ ವಾಹನ. ಎತ್ತರ ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ, ಹಾಗಾಗಿ ಎರಡು ಮೀಟರ್ ಮಿತಿಯ ಪಾರ್ಕಿಂಗ್ ಕಟ್ಟಡದೊಳಗೂ ಹೋಗುತ್ತದೆ. ಓಡಿಸಿದರೆ ದೊಡ್ಡ ಕಾರಿನ ಹಾಗೇ ಅನಿಸುತ್ತದೆ. 2024ರಲ್ಲಿ ಬಂದ ಹೊಸ ಮಾದರಿ ಅದೇ ಕಂಪನಿಯ ಮಲ್ಟಿವ್ಯಾನ್ ಮೇಲೆ ಕಟ್ಟಿದ್ದು, ಉದ್ದ 5.17 ಮೀಟರ್. ಎರಡೂ ಬದಿಗೆ ಜಾರುವ ಬಾಗಿಲು ಬಂದಿದೆ. ಅದಕ್ಕೂ ಮುಂಚಿನ ಟಿ6.1 ಮಾದರಿ 4.9 ಮೀಟರ್ ಇತ್ತು. ಅದರಲ್ಲಿ ಮೇಲಕ್ಕೆತ್ತುವ ಛಾವಣಿಯೊಳಗಿನ ಹಾಸಿಗೆ 2 ಮೀಟರಿಗೆ 1.20, ಕೆಳಗಿನದು 2 ಮೀಟರಿಗೆ 1.14. ನಿಮ್ಮ ಗಂಡನಿಗೆ ಉದ್ದ ಸಾಕು.

ಆದರೆ ಇಲ್ಲಿ ಕೆಳಗಿನ ಹಾಸಿಗೆ ಅಂದರೆ ಹಗಲಿನ ಸೀಟೇ. ಪ್ರತಿ ರಾತ್ರಿ ಸೀಟು ಮಡಚಬೇಕು, ಸಾಮಾನು ಎತ್ತಿಡಬೇಕು, ಹಾಸಿಗೆ ಬಿಡಿಸಬೇಕು. ಬೆಳಗ್ಗೆ ಎದ್ದು ಅಷ್ಟನ್ನೂ ತಿರುಗಿ ಮಾಡಬೇಕು. ಎರಡು ರಾತ್ರಿಗೆ ಇದು ಮಜಾ. ಮೂರು ವಾರದ ರಜೆಯಲ್ಲಿ, ಅದರಲ್ಲೂ ಮಳೆ ಹಿಡಿದಾಗ, ಸುಸ್ತು ಮಾಡಿಬಿಡುತ್ತದೆ. ಒಳಗೆ ಶೌಚಾಲಯದ ಕೋಣೆಯೂ ಇಲ್ಲ. ಬೇಕೆಂದರೆ ಎತ್ತಿಡುವ ಚಿಕ್ಕ ಪೆಟ್ಟಿಗೆಯೊಂದನ್ನು ಇಟ್ಟುಕೊಳ್ಳಬೇಕು. ಕುಡಿಯುವ ನೀರು ಸುಮಾರು 30 ಲೀಟರ್. ಮೂವರಿಗೆ ಅದು ಒಂದು ದಿನಕ್ಕೆ, ಎಳೆದರೆ ಎರಡು ದಿನಕ್ಕೆ.

ಚಳಿಗಾಲದಲ್ಲಿ ಇನ್ನೊಂದು ತೊಂದರೆ ಇದೆ. ಮೇಲಕ್ಕೆತ್ತುವ ಛಾವಣಿಯ ಪಕ್ಕಗಳು ಬಟ್ಟೆಯವು. ಹೀಟರ್ ಕೊಟ್ಟ ಬಿಸಿ ಮೇಲೇರಿ ಅದೇ ಬಟ್ಟೆಯಿಂದ ಹೊರಗೆ ಹೋಗುತ್ತದೆ. ಉಸಿರಿನ ತೇವ ಬಟ್ಟೆಗೆ ತಾಗಿ ನೀರಾಗುತ್ತದೆ. ಬೆಳಗ್ಗೆ ಒದ್ದೆ ಬಟ್ಟೆಯನ್ನೇ ಮಡಚಿ ಛಾವಣಿ ಇಳಿಸಿದರೆ ಬೂಷ್ಟು ಹಿಡಿಯುತ್ತದೆ. ಮೇಲೆ ಹೊದಿಸುವ ದಪ್ಪ ಹೊದಿಕೆ ಸಿಗುತ್ತದೆ, ಸ್ವಲ್ಪ ಅನುಕೂಲವಾಗುತ್ತದೆ. ಆದರೂ ಗಟ್ಟಿ ಛಾವಣಿಗೆ ಅದು ಸಮವಲ್ಲ.

ಒಂದೇ ವಾಹನದಲ್ಲಿ ಶಾಲೆ, ಆಫೀಸು, ಪ್ರವಾಸ ಎಲ್ಲ ಆಗಬೇಕು ಎನ್ನುವವರಿಗೆ ನಾನು ಕ್ಯಾಲಿಫೋರ್ನಿಯಾ ಅಥವಾ ಮರ್ಸಿಡಿಸ್ ಮಾರ್ಕೊ ಪೊಲೊ ನೋಡಿ ಎನ್ನುತ್ತೇನೆ. ನಿಮಗೆ ಬೇರೆ ಕಾರು ಇದೆ. ಅಂದಮೇಲೆ ಈ ಗಾತ್ರದ ದೊಡ್ಡ ಲಾಭವೇ ನಿಮಗೆ ಬೇಕಿಲ್ಲ, ಅಲ್ವಾ? ಇದನ್ನು ಪಟ್ಟಿಯಿಂದ ತೆಗೆದುಬಿಡಿ.

ಇನ್ನು ಡುಕಾಟೊ. ಯುರೋಪಿನ ಕ್ಯಾಂಪರ್ ವ್ಯಾನ್‌ಗಳಲ್ಲಿ ಈ ಗಾಡಿಯನ್ನು ಇಷ್ಟೊಂದು ಕಾಣುವುದಕ್ಕೆ ಕಾರಣವಿದೆ. ಇದರ ಗೋಡೆಗಳು ಬಹುತೇಕ ನೆಟ್ಟಗಿವೆ, ಒಳಗಿನ ಅಗಲ 1.87 ಮೀಟರ್. ಹಾಗಾಗಿ ಹಿಂಭಾಗದಲ್ಲಿ ಅಡ್ಡಕ್ಕೆ ಹಾಸಿಗೆ ಹಾಕಬಹುದು. ಮರ್ಸಿಡಿಸ್ ಸ್ಪ್ರಿಂಟರ್‌ನಲ್ಲಿ ಒಳಗಿನ ಅಗಲ ಇದಕ್ಕಿಂತ ಕಡಿಮೆ. ಅದರಲ್ಲಿ ಅಡ್ಡ ಮಲಗಬೇಕೆಂದರೆ ಪಕ್ಕದ ತಗಡನ್ನು ಹೊರಕ್ಕೆ ಉಬ್ಬಿಸಬೇಕು, ಇಲ್ಲವೇ ಉದ್ದಕ್ಕೆ ಹಾಸಿಗೆ ಹಾಕಿ ಗಾಡಿಯನ್ನೇ ಉದ್ದ ಮಾಡಬೇಕು. ಡುಕಾಟೊ ಮುಂದಿನ ಚಕ್ರದಿಂದ ಓಡುವ ಗಾಡಿ. ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ, ಹಾಗಾಗಿ ನೆಲ ತಗ್ಗಿನಲ್ಲಿದೆ. ಹೊರಗಿನ ಎತ್ತರ ಸುಮಾರು ಎರಡೂವರೆ ಮೀಟರ್ ಇದ್ದರೂ ಒಳಗೆ ನಿಂತು ಓಡಾಡಬಹುದು. ನಿಮ್ಮ ಗಂಡ ಮಾತ್ರ ಒಮ್ಮೆ ಒಳಗೆ ನಿಂತು ನೋಡಲೇಬೇಕು. ದೀಪ, ಕಪಾಟು ಇರುವ ಕಡೆ ತಲೆ ತಾಗುವ ಎತ್ತರ ಅವರದು.

ಪ್ಯೂಜೋ ಬಾಕ್ಸರ್, ಸಿಟ್ರೊಯೆನ್ ಜಂಪರ್, ಒಪೆಲ್ ಮೊವಾನೊ ಕೂಡ ಬಹುಪಾಲು ಇದೇ ಗಾಡಿ, ಹೆಸರು ಬೇರೆ. ಆಡ್ರಿಯಾ, ಹೈಮರ್, ಕ್ನಾವುಸ್, ಮಾಲಿಬು ಹೀಗೆ ಹಲವು ಕಂಪನಿಗಳು ಈ ತಗಡಿನ ಪೆಟ್ಟಿಗೆಯನ್ನೇ ತಂದು ಒಳಗೆ ಮನೆ ಕಟ್ಟುತ್ತವೆ. ಆರು ಮೀಟರಿನಲ್ಲಿ ಎಲ್ಲರ ವಿನ್ಯಾಸವೂ ಹೆಚ್ಚುಕಮ್ಮಿ ಒಂದೇ: ಮುಂದಿನ ಸೀಟು ತಿರುಗಿಸಿದರೆ ಊಟದ ಜಾಗ, ಬಾಗಿಲ ಹತ್ತಿರ ಒಲೆ, ಎದುರಿಗೆ ಸ್ನಾನ ಮತ್ತು ಶೌಚದ ಕೋಣೆ, ಹಿಂದೆ ಅಡ್ಡ ಹಾಸಿಗೆ, ಅದರ ಕೆಳಗೆ ಸಾಮಾನು. ನೀರು ಸುಮಾರು 100 ಲೀಟರ್.

ಈ ಅಡ್ಡ ಹಾಸಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಖಾಯಂ ಹಾಸಿಗೆ, ಯಾವಾಗ ಬೇಕಾದರೂ ಹೋಗಿ ಬೀಳಬಹುದು. ಆದರೆ ಉದ್ದ ಗಾಡಿಯ ಅಗಲದಷ್ಟೇ. ಗೋಡೆಯೊಳಗೆ ಶಾಖ ತಡೆಯುವ ಪದರ ಎಷ್ಟು ದಪ್ಪ ಇದೆ, ಕಪಾಟು ಎಲ್ಲಿದೆ ಎಂಬುದರ ಮೇಲೆ ಕೆಲವು ಸೆಂಟಿಮೀಟರ್ ಹೆಚ್ಚುಕಡಿಮೆ ಆಗುತ್ತದೆ. ಕ್ಯಾಟಲಾಗಿನಲ್ಲಿ ಹಾಸಿಗೆಯ ಅತಿ ಉದ್ದದ ಕಡೆಯ ಅಳತೆ ಬರೆದಿರುವುದೂ ಉಂಟು, ಕಾಲಿನ ಕಡೆ ಅಗಲ ಕಿರಿದಾಗುವುದನ್ನೂ ಹೇಳಿರುವುದಿಲ್ಲ. 1.86 ಮೀಟರಿನವರಿಗೆ ಇದು ಅಂಚಿನ ಲೆಕ್ಕ. ಶೋರೂಮಿನಲ್ಲಿ ಚಪ್ಪಲಿ ಬಿಚ್ಚಿ ಇಬ್ಬರೂ ಒಟ್ಟಿಗೆ ಅರ್ಧ ಗಂಟೆ ಮಲಗಿ ನೋಡಿ. ಸಂಕೋಚ ಬೇಡ. ಒಳಗಡೆ ಮಲಗಿದವರು ರಾತ್ರಿ ಏಳಬೇಕಾದರೆ ಹೊರಗಡೆ ಮಲಗಿದವರನ್ನು ದಾಟಿಯೇ ಬರಬೇಕು. ಅದನ್ನೂ ಆಗಲೇ ಮಾಡಿ ನೋಡಿ. ಇದು ಬೇಡವೆನಿಸಿದರೆ 6.36 ಮೀಟರಿನ ಡುಕಾಟೊದಲ್ಲಿ ಉದ್ದಕ್ಕೆ ಎರಡು ಬೇರೆ ಹಾಸಿಗೆ ಹಾಕಿದ ಮಾದರಿಗಳಿವೆ. ಇಬ್ಬರೇ ಇದ್ದರೆ ನನಗೆ ಅದೇ ಹೆಚ್ಚು ಇಷ್ಟ.

ನೀವು ಮೂವರು. ಮಗಳು ಎಲ್ಲಿ ಮಲಗುತ್ತಾಳೆ?

ಸಾಮಾನ್ಯ ಡುಕಾಟೊ ವ್ಯಾನಿನಲ್ಲಿ ಊಟದ ಮೇಜು ಇಳಿಸಿ, ಹಲಗೆ ಜೋಡಿಸಿ, ಮೇಲೆ ದಿಂಬು ಹಾಸಿ ಮಗುವಿಗೆ ಚಿಕ್ಕ ಹಾಸಿಗೆ ಮಾಡುತ್ತಾರೆ. ಮಗು ಎಂಟಕ್ಕೆ ಮಲಗಿತು ಅಂದುಕೊಳ್ಳಿ. ಆಮೇಲೆ ನೀವಿಬ್ಬರೂ ಕೂರುವ ಜಾಗವೇ ಇಲ್ಲ. ದೀಪ ಆರಿಸಿ ಹಿಂದಿನ ಹಾಸಿಗೆಗೆ ಹೋಗಬೇಕು, ಪಿಸುಮಾತಿನಲ್ಲಿ ಮಾತಾಡಬೇಕು. ಬೇಸಿಗೆಯಲ್ಲಿ ಹೊರಗೆ ಕುರ್ಚಿ ಹಾಕಿ ಕೂರಬಹುದು. ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲಾದ ದಿನ ಅದು ಆಗದ ಮಾತು. ಕ್ಯಾಟಲಾಗಿನ ಚಿತ್ರದಲ್ಲಿ ಹಗಲಿನ ನೋಟ ಒಂದು, ರಾತ್ರಿಯ ನೋಟ ಒಂದು ಇರುತ್ತದೆ. ಅವೆರಡರ ನಡುವಿನ ಮೂರು ಗಂಟೆಯನ್ನು ಯಾರೂ ತೋರಿಸುವುದಿಲ್ಲ. ಮಕ್ಕಳಿರುವ ಮನೆಯವರಿಗೆ ಆ ಮೂರು ಗಂಟೆಯೇ ಮುಖ್ಯ.

ಡುಕಾಟೊದಲ್ಲೂ ಮೇಲಕ್ಕೆತ್ತುವ ಛಾವಣಿ ಹಾಕಿಸಬಹುದು. ಆಗ ಮಗಳು ಮೇಲೆ, ನೀವು ಹಿಂದೆ, ಊಟದ ಜಾಗ ಖಾಲಿ. ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಚಳಿಗಾಲಕ್ಕೆ ಬಟ್ಟೆಯ ತೊಂದರೆ ಮತ್ತೆ ಬರುತ್ತದೆ. ಜೊತೆಗೆ ಛಾವಣಿಯ ಮೇಲೆ ನೂರು ಕಿಲೋಗೂ ಮೀರಿ ತೂಕ ಕೂರುತ್ತದೆ. ಅದರ ಲೆಕ್ಕ ಮುಂದೆ ಹೇಳುತ್ತೇನೆ.

ಗ್ರ್ಯಾಂಡ್ ಕ್ಯಾಲಿಫೋರ್ನಿಯಾ 600 ಇಲ್ಲೇ ಬೇರೆಯಾಗುತ್ತದೆ. ಇದು ಫೋಕ್ಸ್‌ವ್ಯಾಗನ್ನಿನ ಕ್ರಾಫ್ಟರ್ ಎಂಬ ದೊಡ್ಡ ವ್ಯಾನಿನ ಮೇಲೆ ಕಟ್ಟಿದ, ಸುಮಾರು ಆರು ಮೀಟರಿನ ಗಾಡಿ. ಗಟ್ಟಿಯಾದ ಎತ್ತರದ ಛಾವಣಿ ಇದೆ. ಚಾಲಕನ ತಲೆಯ ಮೇಲೆ ಮಕ್ಕಳಿಗೆಂದೇ ಹಾಸಿಗೆ ಹಾಕಿಸಬಹುದು. ಮಗಳು ಗೋಡೆ, ಛಾವಣಿ ಎಲ್ಲ ಇರುವ ಬೆಚ್ಚಗಿನ ಜಾಗದಲ್ಲಿ ಮಲಗುತ್ತಾಳೆ, ಊಟದ ಮೇಜು ನಿಮಗೆ ಉಳಿಯುತ್ತದೆ. ಹಿಂದಿನ ಅಡ್ಡ ಹಾಸಿಗೆ 1.93 ಮೀಟರ್ ಉದ್ದ, 1.36 ಅಗಲ. ಹಾಸಿಗೆ ಇರುವ ಕಡೆ ಪಕ್ಕದ ಗೋಡೆಗಳನ್ನು ಹೊರಕ್ಕೆ ಉಬ್ಬಿಸಿದ್ದರಿಂದ ಈ ಅಳತೆ ಬಂದಿದೆ. ನಿಮ್ಮ ಗಂಡನಿಗೆ ಏಳು ಸೆಂಟಿಮೀಟರ್ ಉಳಿಯುತ್ತದೆ. 680 ಎಂಬ ಉದ್ದದ ಅಣ್ಣನೂ ಇದ್ದಾನೆ, ಅದರಲ್ಲಿ ಉದ್ದಕ್ಕೆ ಹಾಸಿಗೆ. ಆದರೆ ಅದು 6.8 ಮೀಟರ್ ದಾಟುತ್ತದೆ, ಮತ್ತು ಮೂವರಿಗೆ 600 ಸಾಕು.

600ರ ಕಷ್ಟವೆಂದರೆ ಎತ್ತರ. ಮೂರು ಮೀಟರಿಗೆ ಹತ್ತಿರ ಬರುತ್ತದೆ. ಅಡ್ಡಗಾಳಿಗೆ ಹೆಚ್ಚು ವಾಲುತ್ತದೆ, ಮರದ ಕೊಂಬೆ, ಕೆಳಸೇತುವೆ, ಪೆಟ್ರೋಲ್ ಬಂಕಿನ ಚಾವಣಿ ಎಲ್ಲ ಕಣ್ಣಿಟ್ಟು ನೋಡಬೇಕು. ಎತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿಕೊಳ್ಳಿ.

ಈಗ ತೂಕ. ಇಲ್ಲಿ ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಿ. ಶೋರೂಮಿನಲ್ಲಿ ನೀವಾಗಿ ಕೇಳದಿದ್ದರೆ ಇದರ ಮಾತೇ ಬರದಿರಬಹುದು.

ಯುರೋಪಿನಲ್ಲಿ ಈ ವ್ಯಾನ್‌ಗಳು ಹೆಚ್ಚಾಗಿ 3,500 ಕಿಲೋ ಮಿತಿಯೊಳಗೆ ನೋಂದಣಿ ಆಗುತ್ತವೆ. ಸಾಮಾನ್ಯ ಕಾರಿನ ಲೈಸೆನ್ಸಿಗೆ ಅಲ್ಲಿ ಬಹುಕಾಲದಿಂದ ಇರುವ ಗೆರೆ ಅದು. ಕಾಗದದಲ್ಲಿ ಓಡಲು ಸಿದ್ಧವಾದ ತೂಕ ಎಂದು ಒಂದು ಅಂಕಿ ಇರುತ್ತದೆ. ಅದರಲ್ಲಿ 75 ಕಿಲೋ ಚಾಲಕ, ಶೇ 90 ತುಂಬಿದ ಡೀಸೆಲ್ ಟ್ಯಾಂಕ್ ಸೇರಿರುತ್ತವೆ. ನೀರು? ಅಲ್ಲೇ ಸೂಕ್ಷ್ಮ ಇರುವುದು. ಕೆಲವು ತಯಾರಕರು 100 ಲೀಟರ್ ಟ್ಯಾಂಕ್ ಕೊಟ್ಟು, ಲೆಕ್ಕಕ್ಕೆ 20 ಲೀಟರ್ ಮಾತ್ರ ಹಿಡಿಯುತ್ತಾರೆ. ಪ್ರಯಾಣದಲ್ಲಿ ಅಷ್ಟೇ ತುಂಬಿ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಅದು ನಿಯಮದೊಳಗೇ ಇದೆ. ಇದರ ಮೇಲೆ, ಕಾಗದದ ಅಂಕಿಗೂ ನಿಜವಾದ ತೂಕಕ್ಕೂ ಶೇ 5 ಹೆಚ್ಚುಕಡಿಮೆ ಇರಲು ನಿಯಮ ಬಿಡುತ್ತದೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಗಾಡಿಯವನ್ನು ನೀವು ಹಾಕಿಕೊಳ್ಳಿ. ಸಿದ್ಧ ತೂಕ 2,950 ಇದೆ ಎನ್ನೋಣ. ಮಿತಿ 3,500, ಉಳಿದದ್ದು 550. ನೀವು ಮತ್ತು ಮಗಳು ಸೇರಿ 95, ಉಳಿಯಿತು 455. ಮೇಲಕ್ಕೆತ್ತುವ ಛಾವಣಿ, ಪಕ್ಕದ ನೆರಳಿನ ಪರದೆ, ಸೋಲಾರ್ ಫಲಕ, ಎರಡನೇ ಬ್ಯಾಟರಿ, ಸೈಕಲ್ ಕಟ್ಟುವ ಸ್ಟ್ಯಾಂಡ್ ಎಲ್ಲ ಸೇರಿ 200, ಉಳಿಯಿತು 255. ನೀರಿನ ಟ್ಯಾಂಕ್ ಪೂರ್ತಿ ತುಂಬಿದರೆ ಇನ್ನೂ 80, ಉಳಿಯಿತು 175. ಮೂರು ಸೈಕಲ್ 50, ಉಳಿಯಿತು 125. ಬಟ್ಟೆ, ಹಾಸಿಗೆ, ಪಾತ್ರೆ, ದಿನಸಿ, ಕುರ್ಚಿ, ಮೇಜು, ಉಪಕರಣ, ಆಟದ ಸಾಮಾನು, ಪುಸ್ತಕ ಎಲ್ಲವೂ ಈ 125ರಲ್ಲಿ ಹಿಡಿಯಬೇಕು. ಗಾಡಿ ಅಕಸ್ಮಾತ್ ಆ ಶೇ 5ರ ಮೇಲಿನ ಅಂಚಿನಲ್ಲಿದ್ದರೆ? 2,950ರ ಶೇ 5 ಅಂದರೆ 147. ಒಂದು ಜೊತೆ ಬಟ್ಟೆ ಇಡುವ ಮುಂಚೆಯೇ ಮಿತಿ ದಾಟಿದಂತಾಯಿತು.

ಮಿತಿ ಮೀರಿದರೆ ದಂಡ ಬೀಳಬಹುದು. ಅದಕ್ಕಿಂತ ಮುಖ್ಯವಾಗಿ ಬ್ರೇಕ್ ಹಿಡಿಯುವ ದೂರ ಹೆಚ್ಚಾಗುತ್ತದೆ, ಟೈರು ಕಾಯುತ್ತದೆ. ಹಿಂದೆ ಮಗು ಕೂತಿರುವ ಗಾಡಿಯಲ್ಲಿ ಇದನ್ನು ಸುಮ್ನೆ ಬಿಡಬಾರದು.

ಸೈಕಲ್ ಬಗ್ಗೆ ಇನ್ನೊಂದು ಮಾತು. ಹಿಂದಿನ ಬಾಗಿಲಿಗೆ ನೇತುಹಾಕಿದ ಭಾರ ಹಿಂದಿನ ಅಚ್ಚಿನಿಂದಲೂ (ಎರಡು ಚಕ್ರ ಜೋಡಿಸಿದ ಆಕ್ಸಲ್) ಆಚೆ ಇರುತ್ತದೆ, ತಕ್ಕಡಿಯ ಹಾಗೆ ಮುಂಭಾಗವನ್ನು ಎತ್ತುತ್ತದೆ. ಸೈಕಲ್ಲೂ ಸ್ಟ್ಯಾಂಡೂ ಸೇರಿ 60 ಕಿಲೋ ಇದ್ದರೆ, ಆರು ಮೀಟರಿನ ಡುಕಾಟೊದಲ್ಲಿ ಹಿಂದಿನ ಅಚ್ಚಿಗೆ ಸುಮಾರು 80 ಕಿಲೋ ಕೂಡುತ್ತದೆ, ಮುಂದಿನ ಅಚ್ಚಿನಿಂದ 20 ಕಿಲೋ ಕಳೆಯುತ್ತದೆ. ಎಳೆಯುವ ಚಕ್ರ ಮುಂದಿನದೇ ಆದ್ದರಿಂದ ಒದ್ದೆ ಹುಲ್ಲಿನ ಮೇಲೆ, ಹಿಮದ ಏರಿನಲ್ಲಿ ಚಕ್ರ ಜಾರುವುದು ಇದರಿಂದಲೇ. ಒಟ್ಟು ತೂಕದ ಜೊತೆ ಪ್ರತಿ ಅಚ್ಚಿನ ಮಿತಿಯನ್ನೂ ನೋಡಿ. ಕ್ರಾಫ್ಟರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಡುವ ವ್ಯವಸ್ಥೆ ಸಿಗುತ್ತದೆ, ಡುಕಾಟೊ ಕೊಳ್ಳುವವರು ಒಳ್ಳೆಯ ಚಳಿಗಾಲದ ಟೈರನ್ನು ನಂಬಬೇಕು. ಆದರೆ ನಾಲ್ಕು ಚಕ್ರದ ವ್ಯವಸ್ಥೆಗೂ ತನ್ನದೇ ತೂಕ ಇದೆ.

ಚಳಿಗೆ ಬೇಕಾದ ಉಳಿದ ವಿಷಯ ಬೇಗ ಹೇಳಿಬಿಡುತ್ತೇನೆ. ಕುಡಿಯುವ ನೀರಿನ ಟ್ಯಾಂಕ್ ಗಾಡಿಯ ಒಳಗಿರಬೇಕು. ಬಳಸಿದ ನೀರಿನದು ಸಾಮಾನ್ಯವಾಗಿ ನೆಲದ ಕೆಳಗೆ ಇರುತ್ತದೆ. ಅದಕ್ಕೆ ಶಾಖದ ಹೊದಿಕೆ, ಹೀಟರ್ ಇದೆಯಾ ಕೇಳಿ. ಹೀಟರ್ ಗ್ಯಾಸಿನದಾದರೆ ಸದ್ದು ಕಡಿಮೆ, ಆದರೆ ಸಿಲಿಂಡರ್ ಬೇಗ ಖಾಲಿ. ಸಿಲಿಂಡರಿನಲ್ಲಿ ಪ್ರೊಪೇನ್ ಇರಲಿ, ಏಕೆಂದರೆ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಡೀಸೆಲ್ ಹೀಟರ್ ಗಾಡಿಯ ಟ್ಯಾಂಕಿನಿಂದಲೇ ಎಣ್ಣೆ ಎಳೆಯುತ್ತದೆ, ಹಾಗಾಗಿ ಚಳಿಗೆ ನಾನು ಅದನ್ನೇ ಆರಿಸುತ್ತೇನೆ. ಬ್ಯಾಟರಿ ಲಿಥಿಯಂ ಆದರೆ ಹೇಳಿದ ಸಾಮರ್ಥ್ಯದ ಬಹುಪಾಲು ಬಳಸಬಹುದು, ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕೆ ನಿಲ್ಲಿಸಬೇಕು. ಆದರೆ ಲಿಥಿಯಂ ಬ್ಯಾಟರಿ ಸೊನ್ನೆಗಿಂತ ಕೆಳಗೆ ಚಾರ್ಜ್ ಆಗಬಾರದು, ಹಾಗಾಗಿ ಅದೂ ಒಳಗೆ ಬೆಚ್ಚಗಿರಬೇಕು.

ಮಗಳ ಸೀಟಿನ ಬಗ್ಗೆ: ಎರಡನೇ ಸಾಲಿನ ಬೆಂಚಿನಲ್ಲಿ ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಎಷ್ಟು ಜಾಗಕ್ಕೆ ಇದೆ ನೋಡಿ. ನಿಮ್ಮ ಸೀಟನ್ನೇ ತೆಗೆದುಕೊಂಡು ಹೋಗಿ ಕೂರಿಸಿ. ಬೆಂಚು ಕಿರಿದು, ಪಕ್ಕದ ಗೋಡೆಗೆ ತಾಗುವುದುಂಟು.

ರಿಪೇರಿಯ ವಿಷಯದಲ್ಲೂ ಗ್ರ್ಯಾಂಡ್ ಕ್ಯಾಲಿಫೋರ್ನಿಯಾ ಮತ್ತು ಡುಕಾಟೊ ನಡುವೆ ವ್ಯತ್ಯಾಸ ಇದೆ. ಹಳೆಯ ಕಾಲದಲ್ಲಿ ಫೋಕ್ಸ್‌ವ್ಯಾಗನ್ ಬಸ್ಸಿಗೆ ಮನೆ ಕಟ್ಟುತ್ತಿದ್ದದ್ದು ವೆಸ್ಟ್‌ಫಾಲಿಯಾ ಎಂಬ ಬೇರೆ ಕಂಪನಿ, 1951ರಿಂದ. 1988ರಲ್ಲಿ ಕ್ಯಾಲಿಫೋರ್ನಿಯಾ ಹೆಸರು ಬಂದಾಗಲೂ ಅವರೇ ಕಟ್ಟಿದ್ದು. 2003ರಲ್ಲಿ ಬಂದ ಟಿ5 ಮಾದರಿಯಿಂದ ಫೋಕ್ಸ್‌ವ್ಯಾಗನ್ ತಾನೇ ಕಟ್ಟತೊಡಗಿತು. ಹಾಗಾಗಿ ಗ್ರ್ಯಾಂಡ್ ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಕೆಟ್ಟರೂ ನಲ್ಲಿ ಸೋರಿದರೂ ಹೋಗಬೇಕಾದ ಬಾಗಿಲು ಒಂದೇ. ಡುಕಾಟೊದಲ್ಲಿ ಗಾಡಿಯ ಗ್ಯಾರಂಟಿ ಒಬ್ಬರದು, ಮನೆಯ ಗ್ಯಾರಂಟಿ ಇನ್ನೊಬ್ಬರದು. ಹಿಂದಿನ ಕ್ಯಾಮೆರಾ ಕೆಟ್ಟರೆ ಅದು ಯಾರ ಕೆಲಸ ಎಂದು ಇಬ್ಬರ ನಡುವೆ ಓಡಾಡಬೇಕಾಗಬಹುದು. ಇನ್ನೊಂದು ಕಡೆ, ಡುಕಾಟೊ ಎಂಜಿನ್ ಬಲ್ಲ ಮೆಕ್ಯಾನಿಕ್ ಯುರೋಪಿನಲ್ಲಿ ಎಲ್ಲೆಡೆ ಸಿಗುತ್ತಾರೆ, ಬಿಡಿಭಾಗವೂ ಸುಲಭ.

ನನ್ನ ಆಯ್ಕೆ ಹೇಳುತ್ತೇನೆ. ಚಳಿಗಾಲವೂ ಬೇಕು, ಮಗಳೂ ಇದ್ದಾಳೆ, ಗಂಡ ಎತ್ತರ ಇದ್ದಾರೆ. ಮೊದಲು ಮಕ್ಕಳ ಹಾಸಿಗೆ ಇರುವ ಗ್ರ್ಯಾಂಡ್ ಕ್ಯಾಲಿಫೋರ್ನಿಯಾ 600 ನೋಡಿ. ನೀವು ಆರಿಸಿದ ಎಲ್ಲ ಹೆಚ್ಚುವರಿ ಸಾಮಾನು ಸೇರಿಸಿ, ಅದೇ ಗಾಡಿಯ ತೂಕವನ್ನು ಬರವಣಿಗೆಯಲ್ಲಿ ಕೇಳಿ. ಜನ, ಪೂರ್ತಿ ನೀರು, ಸೈಕಲ್ ಕಳೆದ ಮೇಲೆ 150 ಕಿಲೋ ಆದರೂ ಉಳಿದರೆ ಅದನ್ನೇ ತೆಗೆದುಕೊಳ್ಳಿ. ಉಳಿಯದಿದ್ದರೆ ಮೋಹ ಬಿಟ್ಟು ಆರು ಮೀಟರಿನ ಡುಕಾಟೊಗೆ ಬನ್ನಿ. ಗಟ್ಟಿ ಚಾಸಿ (ಗಾಡಿಯ ಅಡಿಯ ಚೌಕಟ್ಟು) ಇರುವ 3.5 ಟನ್ ಮಾದರಿ ಕೇಳಿ, ಮೇಲಕ್ಕೆತ್ತುವ ಛಾವಣಿ ಒಂದನ್ನು ಮಾತ್ರ ಹಾಕಿಸಿ, ಉಳಿದ ಅಲಂಕಾರ ಬಿಡಿ. ಬೇಸಿಗೆಯಲ್ಲಿ ಮಗಳು ಮೇಲೆ ಮಲಗಲಿ, ಕೊರೆಯುವ ಚಳಿಯ ಕೆಲವೇ ರಾತ್ರಿಗಳಲ್ಲಿ ಕೆಳಗೆ ಊಟದ ಜಾಗದಲ್ಲಿ ಮಲಗಲಿ. ಎರಡರಲ್ಲಿ ಯಾವುದಾದರೂ, ಸಹಿ ಹಾಕುವ ಮುಂಚೆ ಅದೇ ವಿನ್ಯಾಸದ ಗಾಡಿಯನ್ನು ಒಂದು ವಾರಾಂತ್ಯ ಬಾಡಿಗೆಗೆ ತಗೊಳ್ಳಿ. ಮಳೆ ಬರುವ ವಾರಾಂತ್ಯವಾದರೆ ಇನ್ನೂ ಒಳ್ಳೆಯದು.

ಕೊನೆಗೆ ಹಿಂದಿನ ವರ್ಷದ ಮಾಡೆಲ್. ಧಾರಾಳವಾಗಿ ತಗೋಬಹುದು. ಈಗಿನ ಡುಕಾಟೊದ ದೇಹ 2006ರಿಂದ ಇರುವುದೇ. 2014ರಲ್ಲಿ ಮುಖ ಬದಲಾಯಿತು, 2021ರಲ್ಲಿ ಸ್ಟೀರಿಂಗ್ ಮತ್ತು ಚಾಲಕನಿಗೆ ನೆರವಾಗುವ ಸೌಲಭ್ಯಗಳು ಸುಧಾರಿಸಿದವು. ಹಾಗಾಗಿ ಒಂದು ವರ್ಷದ ಅಂತರದಲ್ಲಿ ಗಾಡಿಯಲ್ಲಿ ದೊಡ್ಡ ವ್ಯತ್ಯಾಸ ಇರುವುದು ಕಡಿಮೆ. ಮೂರು ಸಂಗತಿ ಮಾತ್ರ ಪರೀಕ್ಷಿಸಿ. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ, ಓದಿ. ನಿಂತಲ್ಲೇ ನಿಂತ ಗಾಡಿಯ ಒಳಗಿನ ಬ್ಯಾಟರಿ ಪೂರ್ತಿ ಬರಿದಾಗಿ ಹಾಳಾಗಿರಬಹುದು, ಅದನ್ನು ಪರೀಕ್ಷಿಸಿ ಬರೆದು ಕೊಡಲು ಹೇಳಿ. ಮತ್ತು ಗ್ಯಾರಂಟಿ ಯಾವ ದಿನದಿಂದ ಶುರು, ಗಾಡಿಗೂ ಒಳಗಿನ ಮನೆಗೂ ಬೇರೆ ಬೇರೆಯಾಗಿ, ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಶೋರೂಮಿನ ಗಾಡಿಯಲ್ಲಿ ಹೆಚ್ಚುವರಿ ಸಾಮಾನು ಮೊದಲೇ ತುಂಬಿರುತ್ತದೆ. ಅದನ್ನು ಹಾಗೇ ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ ಕೊಡಲು ಕೇಳಿ. ಆ ಚೀಟಿ ಕೈಗೆ ಬಂದ ಮೇಲೆ ಮುಂಗಡ ಕೊಡಿ.